ಹಳೇ ಡಿಬೇಸ್ ಫೈಲ್ ಬಿಡಿಸೋದು ಹೇಗೆ?

ಪ್ರಶ್ನೆ: ಹಳೇ ಫ್ಲಾಪಿಯಲ್ಲಿ ಎರಡು ಡಿಬಿಎಫ್ ಫೈಲ್ (ಡಿಬೇಸ್ ಅನ್ನೋ ಹಳೇ ಡೇಟಾಬೇಸ್ ಪ್ರೋಗ್ರಾಂನವು) ಸಿಕ್ಕಿವೆ, ಸದಸ್ಯರ ಲೆಕ್ಕ ಇರಬೇಕು. ಒಂದರ ಮೊದಲ ಬೈಟ್ 3, ಇನ್ನೊಂದರದ್ದು 2. ರೆಡಿ ಸಾಫ್ಟ್‌ವೇರ್ ಬೇಡ, ಒಳಗಿನ ರಚನೆ ನಾನೇ ತಿಳಿದು ಓದಬೇಕು. ಮಾಡಿದವರು ಎಲ್ಲಿಂದ ಶುರು ಮಾಡಿದಿರಿ?

ಉತ್ತರ 1: 3 ಇರುವುದನ್ನೇ ಮೊದಲು ಹಿಡಿಯಿರಿ, ಅದು ಡಿಬೇಸ್ ತ್ರೀ. ಬೈಟ್‌ಗಳನ್ನು ಸೊನ್ನೆಯಿಂದ ಎಣಿಸಿ. ನಾನು ಹೇಳುವ ಅಂಕಿಗಳೆಲ್ಲ ದಶಮಾನದವು. 1ರಿಂದ 3 ಕೊನೆಯ ಸಲ ತಿದ್ದಿದ ತಾರೀಖು: 93 3 31 ಅಂದರೆ 1993ರ ಮಾರ್ಚ್ 31. 4ರಿಂದ 7 ರೆಕಾರ್ಡ್‌ಗಳ (ಒಬ್ಬೊಬ್ಬ ಸದಸ್ಯರ ಒಂದೊಂದು ಸಾಲಿನ) ಸಂಖ್ಯೆ. ಇದು ಬಿಡಿಸ್ಥಾನದ ಕಡೆಯಿಂದ ಶುರುವಾಗುತ್ತದೆ. 176 4 0 0 ಇದ್ದರೆ 176 + 4×256, ಅಂದರೆ 1200. 8-9 ಹೆಡರ್ (ಫೈಲಿನ ಶುರುವಿನ ವಿವರದ ಭಾಗ) ಉದ್ದ, 10-11 ಒಂದು ರೆಕಾರ್ಡ್ ಉದ್ದ.

ಇಲ್ಲಿ ನಿಂತು ಒಂದು ಲೆಕ್ಕ ಹಾಕಿ. ಹೆಡರ್ 161, ರೆಕಾರ್ಡ್ 50 ಅಂದುಕೊಳ್ಳಿ. 161 + 1200×50 = 60161. ಕೊನೆಯಲ್ಲಿ ಮುಕ್ತಾಯದ ಗುರುತು 26 ಸೇರಿ 60162. ಫೈಲ್ ಗಾತ್ರಕ್ಕೆ ಇದು ತಾಳೆಯಾದರೆ ಅರ್ಧ ಕೆಲಸ ಮುಗಿದ ಹಾಗೆ. ಗಾತ್ರ ತುಂಬಾ ಕಡಿಮೆ ಬಂದರೆ ಫ್ಲಾಪಿಯಿಂದ ಪೂರ್ತಿ ಕಾಪಿ ಆಗಿದೆಯಾ ನೋಡಿ.

32ನೇ ಬೈಟ್‌ನಿಂದ ಒಂದೊಂದು ಫೀಲ್ಡ್‌ನ (ಹೆಸರು, ಬಾಕಿ ಥರದ ಕಾಲಂ) ವಿವರಕ್ಕೂ 32 ಬೈಟ್. ಹೆಸರಿಗೆ 11, ವಿಧಕ್ಕೆ 1, ಆಮೇಲೆ 4 ಬೈಟ್, ನಂತರ ಉದ್ದ, ದಶಾಂಶ. ನಡುವಿನ ಆ ನಾಲ್ಕಕ್ಕೆ ಅರ್ಥ ಹುಡುಕುತ್ತಾ ಕೂರಬೇಡಿ. ಪ್ರೋಗ್ರಾಂ ಓಡುವಾಗಿನ ಮೆಮೊರಿ ವಿಳಾಸ ಸುಮ್ನೆ ಡಿಸ್ಕಿಗೆ ಬಂದು ಕೂತಿದೆ, ಅಷ್ಟೇ. ಮುಂದಿನ ಫೀಲ್ಡ್ ಶುರುವಾಗಬೇಕಾದ ಜಾಗದಲ್ಲಿ 13 ಸಿಕ್ಕಿದರೆ ಪಟ್ಟಿ ಮುಗಿಯಿತು.

ಉತ್ತರ 2: ಹೆಡರ್ ದಾಟಿದ ಮೇಲೆ ಎಲ್ಲಾ ಅಕ್ಷರವೇ, ಮೊತ್ತ ಕೂಡ. ಪ್ರತಿ ರೆಕಾರ್ಡಿನ ಮೊದಲ ಬೈಟ್ ಮಾತ್ರ ಬೇರೆ: ಖಾಲಿ ಜಾಗ ಇದ್ದರೆ ಚಾಲ್ತಿ ರೆಕಾರ್ಡ್, ನಕ್ಷತ್ರ (42) ಇದ್ದರೆ ಅಳಿಸಿದ್ದು. ಅಳಿಸಿದ್ದೂ ಪ್ಯಾಕ್ ಕಮಾಂಡ್ ಕೊಡುವ ತನಕ ಅಲ್ಲೇ ಇರುತ್ತದೆ, ಎಣಿಕೆಯಲ್ಲೂ ಸೇರಿರುತ್ತದೆ. ಬಾಕಿ ಕೂಡುವಾಗ ಈ ಗುರುತು ನೋಡದಿದ್ದರೆ ಮೊತ್ತ ಜಾಸ್ತಿ ಬರುತ್ತದೆ.

ಉತ್ತರ 3: 2 ಇರುವುದು ಡಿಬೇಸ್ ಟೂ. (ಡಿಬೇಸ್ ಒನ್ ಅಂತ ಇರಲೇ ಇಲ್ಲ! ವೇಯ್ನ್ ರ್ಯಾಟ್ಲಿಫ್ ಬರೆದ ವಲ್ಕನ್ ಅನ್ನೋ ಪ್ರೋಗ್ರಾಂಗೆ ಆಶ್ಟನ್-ಟೇಟ್ ಕಂಪನಿ ಡಿಬೇಸ್ ಟೂ ಅಂತ ಹೆಸರಿಟ್ಟು ಮಾರಿತು.) ಇದರಲ್ಲಿ ಹೆಡರ್ ಯಾವಾಗಲೂ 521 ಬೈಟ್. ಎಣಿಕೆಗೆ ಎರಡೇ ಬೈಟ್, ಹಾಗಾಗಿ 65535 ದಾಟುವುದಿಲ್ಲ. ಫೀಲ್ಡ್‌ಗಳು 8ನೇ ಬೈಟ್‌ನಿಂದ, ತಲಾ 16 ಬೈಟ್.

ಉತ್ತರ 4: ಹೆಸರುಗಳು ಕನ್ನಡದಲ್ಲಿ ಇವೆಯಾ? ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ (ಭಾರತೀಯ ಭಾಷೆ ಟೈಪ್ ಮಾಡಲು ಹಾಕುತ್ತಿದ್ದ ಕಾರ್ಡ್) ಇದ್ದ ಯಂತ್ರದಲ್ಲಿ ಟೈಪ್ ಮಾಡಿದ್ದರೆ ಅದು ಇಸ್ಕಿ, ಅಂದರೆ ಭಾರತೀಯ ಲಿಪಿಗಳಿಗೆ ಮಾಡಿದ ಹಳೇ ಸಂಕೇತ, ಇರಬಹುದು. 179 204 209 ಕಂಡರೆ ‘ಕಮಲ’ ಅಂತ ಓದಿಕೊಳ್ಳಿ. ಯೂನಿಕೋಡ್‌ಗೆ ಬದಲಿಸಿ ಅದೇ ಫೈಲಿಗೆ ತುಂಬಬೇಡಿ. ಯುಟಿಎಫ್-8ರಲ್ಲಿ (ಯೂನಿಕೋಡ್ ಬರೆದಿಡುವ ಒಂದು ರೀತಿ) ಒಂದೊಂದು ಕನ್ನಡ ಅಕ್ಷರಕ್ಕೆ ಕನಿಷ್ಠ ಮೂರು ಬೈಟ್ ಬೇಕು, 25 ಬೈಟ್ ಫೀಲ್ಡಿನಲ್ಲಿ ಉದ್ದದ ಹೆಸರು ಹಿಡಿಯುವುದಿಲ್ಲ.