ಕಿರ್ಗಿಸ್ತಾನದ ಕುಟುಂಬ ವೈದ್ಯ ಪದ್ಧತಿ: ಮರುತರಬೇತಿಯೊಂದೇ ಸಾಕಾಯಿತೇ?

ಪ್ರಶ್ನೆ (ಸಮುದಾಯ ವೈದ್ಯಕೀಯದ ಸ್ನಾತಕೋತ್ತರ ವಿದ್ಯಾರ್ಥಿನಿ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಆರೋಗ್ಯ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿಕೊಂಡ ದೇಶಗಳ ಕುರಿತು ನಮ್ಮ ವಿಭಾಗದಲ್ಲಿ ಸೆಮಿನಾರ್ ಇದ್ದು, ನಾನು ಕಿರ್ಗಿಸ್ತಾನವನ್ನು ಆರಿಸಿಕೊಂಡಿದ್ದೇನೆ. ದೊಡ್ಡವರಿಗೆ, ಮಕ್ಕಳಿಗೆ, ಹೆಂಗಸರಿಗೆ ಎಂದು ಬೇರೆ ಬೇರೆ ಹೊರರೋಗಿ ಚಿಕಿತ್ಸಾಲಯಗಳಲ್ಲಿ, ಅಂದರೆ ಪಾಲಿಕ್ಲಿನಿಕ್‌ಗಳಲ್ಲಿ ಕೂರುತ್ತಿದ್ದ ವೈದ್ಯರನ್ನು 1996ರಲ್ಲಿ ಆರಂಭವಾದ ‘ಮನಾಸ್’ ಎಂಬ ಆರೋಗ್ಯ ಸುಧಾರಣಾ ಕಾರ್ಯಕ್ರಮದಡಿ ಒಂದೇ ಗುಂಪಿಗೆ ಸೇರಿಸಿ, ಕೆಲವು ತಿಂಗಳ ಮರುತರಬೇತಿ ಕೊಟ್ಟು, ಕುಟುಂಬ ವೈದ್ಯರನ್ನಾಗಿ ಮಾಡಲಾಯಿತು. ವರ್ಷಗಟ್ಟಲೆ ಮಕ್ಕಳನ್ನಷ್ಟೇ ನೋಡಿದ್ದ ವೈದ್ಯೆಯೊಬ್ಬರು ಅಷ್ಟು ಅಲ್ಪಾವಧಿಯಲ್ಲಿ ವೃದ್ಧರ ಹೃದ್ರೋಗವನ್ನೂ ಗರ್ಭಿಣಿಯ ರಕ್ತದೊತ್ತಡವನ್ನೂ ನಿಭಾಯಿಸುವಷ್ಟು ಪಳಗಲು ಸಾಧ್ಯವೇ? ಸಾಧ್ಯವಿಲ್ಲವೆಂದಾದರೆ ಈ ಸುಧಾರಣೆಯನ್ನು ಇಷ್ಟೊಂದು ಮೆಚ್ಚಿ ಬರೆಯುವುದೇಕೆ?

ಉತ್ತರ 1 (ಸಾರ್ವಜನಿಕ ಆರೋಗ್ಯ ಇಲಾಖೆಯಿಂದ ನಿವೃತ್ತ, ಮೈಸೂರು)

ನಿಮ್ಮ ಅನುಮಾನ ನ್ಯಾಯವಾದದ್ದೇ. ಆದರೆ ತರಬೇತಿಯನ್ನು ಮಾತ್ರ ಹಿಡಿದುಕೊಂಡರೆ ವಿಷಯದ ಅರ್ಧ ಭಾಗ ಕೈತಪ್ಪುತ್ತದೆ. ಮೊದಲು ಹಣ ಹರಿಯುತ್ತಿದ್ದ ದಾರಿಯನ್ನು ನೋಡಿ. ಸೋವಿಯತ್ ಕಾಲದಲ್ಲಿ ಆಸ್ಪತ್ರೆಗೆ ಅನುದಾನ ಬರುತ್ತಿದ್ದದ್ದು ಹಾಸಿಗೆಗಳ ಲೆಕ್ಕದಲ್ಲಿ. ಹೀಗಾಗಿ ರೋಗಿ ಇರಲಿ ಬಿಡಲಿ, ಹಾಸಿಗೆಯನ್ನು ಉಳಿಸಿಕೊಳ್ಳುವುದೇ ಆಡಳಿತದವರ ಜಾಣತನವಾಗಿತ್ತು. ಮಾಸ್ಕೋದ ನೆರವು ನಿಂತ ಮೇಲೆ, ಹಿಮ ಬೀಳುವ ಆ ನಾಡಿನಲ್ಲಿ ಅರೆಖಾಲಿ ಕಟ್ಟಡಗಳನ್ನು ಬೆಚ್ಚಗಿಡುವುದಕ್ಕೇ ಬಜೆಟ್ಟಿನ ದೊಡ್ಡ ಪಾಲು ಹೋಗಿ, ಔಷಧಿಯನ್ನು ರೋಗಿಯೇ ಹೊರಗಿನಿಂದ ಕೊಂಡು ತರಬೇಕಾಗುತ್ತಿತ್ತು.

1997ರಲ್ಲಿ ಕಡ್ಡಾಯ ಆರೋಗ್ಯ ವಿಮಾ ನಿಧಿ ಬಂದು ಈ ಲೆಕ್ಕವನ್ನೇ ಬದಲಿಸಿತು. ಆಸ್ಪತ್ರೆಗೆ ಚಿಕಿತ್ಸೆ ಪಡೆದವರ ಸಂಖ್ಯೆಯ ಮೇಲೆ ಹಣ. ಕುಟುಂಬ ವೈದ್ಯರ ಗುಂಪಿಗೆ ಅಲ್ಲಿ ಹೆಸರು ನೋಂದಾಯಿಸಿಕೊಂಡವರ ತಲೆ ಲೆಕ್ಕದಲ್ಲಿ ಹಣ. 2001ರಿಂದ ಜಾರಿಯಾದ ಸರ್ಕಾರಿ ಖಾತರಿಯಡಿ ಕುಟುಂಬ ವೈದ್ಯರನ್ನು ಕಾಣಲು ಶುಲ್ಕವಿಲ್ಲ, ಆಸ್ಪತ್ರೆಗೆ ಸೇರಿದರೆ ಮಾತ್ರ ರೋಗಿಯೂ ಒಂದು ಪಾಲು ಕಟ್ಟಬೇಕು, ಕುಟುಂಬ ವೈದ್ಯರ ಶಿಫಾರಸು ಚೀಟಿ ಇಲ್ಲದೆ ನೇರವಾಗಿ ಹೋದರೆ ಇನ್ನೂ ಹೆಚ್ಚು. ನನ್ನ ಮಟ್ಟಿಗೆ ಇದಕ್ಕಿಂತಲೂ ಚತುರವಾದ ಏರ್ಪಾಡೆಂದರೆ ಔಷಧಿಯದು. ರಕ್ತದೊತ್ತಡ, ಆಸ್ತಮಾ, ರಕ್ತಹೀನತೆಯಂತಹ, ಮೊದಲು ಸುಮ್ಮನೆ ಒಳರೋಗಿಯಾಗಿ ಮಲಗಿಸಿಕೊಳ್ಳುತ್ತಿದ್ದ ಕಾಯಿಲೆಗಳಿಗೆ ಕುಟುಂಬ ವೈದ್ಯರು ಬರೆದ ಚೀಟಿಯನ್ನು ತೋರಿಸಿದರೆ, ವಿಮೆ ಇದ್ದವರಿಗೆ ಒಪ್ಪಂದದ ಔಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಮಾತ್ರೆ ಸಿಗುತ್ತಿತ್ತು, ಉಳಿದದ್ದನ್ನು ನಿಧಿ ತುಂಬುತ್ತಿತ್ತು. ವೈದ್ಯರ ಮೇಲೆ ನಂಬಿಕೆ ಹುಟ್ಟುವ ಮೊದಲೇ ಅವರ ಚೀಟಿಗೆ ಬೆಲೆ ಬಂದಿತ್ತು. ಸುಧಾರಣೆಯನ್ನು ಮೆಚ್ಚಿದವರು ಮೆಚ್ಚಿದ್ದು ಮುಖ್ಯವಾಗಿ ಇದನ್ನು.

ಉತ್ತರ 2 (ಓಷ್‌ನಲ್ಲಿ ಎಂಬಿಬಿಎಸ್ ಓದಿದವನು, ಈಗ ಕಲಬುರಗಿ)

ಹಿರಿಯರ ಮಾತನ್ನು ಒಪ್ಪುತ್ತಲೇ ಒಂದು ವಿಷಯ ಸೇರಿಸುತ್ತೇನೆ. ಕರ್ನಾಟಕದಿಂದ ಅಲ್ಲಿಗೆ ಓದಲು ಹೋಗುವ ನಮ್ಮಂಥವರು ನೋಡುವುದು ಬಿಷ್ಕೆಕ್, ಓಷ್ ನಗರಗಳ ದೊಡ್ಡ ಆಸ್ಪತ್ರೆಗಳನ್ನೇ. ಬೆಟ್ಟದ ಹಳ್ಳಿಗಳ ಸ್ಥಿತಿ ಬೇರೆ. ಸಣ್ಣ ಹಳ್ಳಿಯಲ್ಲಿ ವೈದ್ಯರೇ ಇರುವುದಿಲ್ಲ, ಫೆಲ್ಡ್‌ಶರ್ ಎಂಬ ಮಧ್ಯಮ ದರ್ಜೆಯ ವೈದ್ಯಕೀಯ ಸಿಬ್ಬಂದಿ ಇಲ್ಲವೇ ಸೂಲಗಿತ್ತಿ ಕೆಲಸ ಕಲಿತ ನರ್ಸ್ ಇರುತ್ತಾರೆ. ಕುಟುಂಬ ವೈದ್ಯ ಪದ್ಧತಿಯ ಬೇರು ಇರುವುದು ಅಲ್ಲಿ. ನಾರಿನ್ ಪ್ರಾಂತದ ಜುಮ್ಗಾಲ್‌ನಲ್ಲಿ ಸ್ವಿಸ್ ರೆಡ್‌ಕ್ರಾಸ್ ನೆರವಿನಿಂದ ಆರಂಭವಾಗಿ ದೇಶದ ಬಹುಭಾಗಕ್ಕೆ ಹಬ್ಬಿದ ಗ್ರಾಮ ಆರೋಗ್ಯ ಸಮಿತಿಗಳನ್ನು ನಿಮ್ಮ ಸೆಮಿನಾರಿನಲ್ಲಿ ಬಿಡಬೇಡಿ. ಸಮಿತಿಯ ಹೆಂಗಸರು ಅಂಗಡಿಯ ಉಪ್ಪಿನ ಮೇಲೆ ಪರೀಕ್ಷಾ ದ್ರಾವಣದ ಹನಿ ಬಿಟ್ಟು, ಬಣ್ಣ ನೇರಳೆಗೆ ತಿರುಗದಿದ್ದರೆ ಅಯೋಡಿನ್ ಇಲ್ಲವೆಂದು ಅಂಗಡಿಯವನಿಗೆ ಅಲ್ಲಿಯೇ ತಿಳಿಸುತ್ತಿದ್ದರು. ಗಳಗಂಡ ಸಾಮಾನ್ಯವಾಗಿದ್ದ ಪರ್ವತ ಪ್ರದೇಶದಲ್ಲಿ ಇದು ಚಿಕ್ಕ ಕೆಲಸವಲ್ಲ.

ಇನ್ನು ಕೊರತೆಯ ಮಾತು. ಸಂಬಳ ಕಡಿಮೆ, ಪಕ್ಕದಲ್ಲೇ ಕಜಕಸ್ತಾನ, ಆಚೆಗೆ ರಷ್ಯಾ. ಭಾಷೆಯ ಅಡ್ಡಿಯೂ ಇಲ್ಲ. ತರಬೇತಿ ಪಡೆದ ವೈದ್ಯರು ಹೊರಟುಬಿಡುತ್ತಾರೆ, ಉಳಿದವರಿಗೆ ವಯಸ್ಸಾಗುತ್ತಿದೆ. ದೂರದ ಊರುಗಳಿಗೆ ಹೋಗುವ ಯುವ ವೈದ್ಯರಿಗೆ ‘ವೈದ್ಯರ ಠೇವಣಿ’ ಎಂಬ ಹೆಸರಿನಲ್ಲಿ ಹೆಚ್ಚುವರಿ ಹಣ ಕೊಡುವ ಯೋಜನೆಯನ್ನೂ ಸರ್ಕಾರ ತಂದಿತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಆರಂಭದಲ್ಲೇ ದೀರ್ಘ ತರಬೇತಿಯನ್ನು ಕಡ್ಡಾಯ ಮಾಡಿದ್ದರೆ ಈ ವೃತ್ತಿಗೆ ಘನತೆ ಬಂದು ಯುವಕರು ನಿಲ್ಲುತ್ತಿದ್ದರೇ?

ಉತ್ತರ 3 (ಕುಟುಂಬ ವೈದ್ಯೆ, ಮಂಗಳೂರು)

ಎಸ್ಟೋನಿಯಾವನ್ನು ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಸ್ವಲ್ಪ ಸ್ಪಷ್ಟವಾದೀತು. ಅದೂ ಸೋವಿಯತ್ ಪಾಲಿಕ್ಲಿನಿಕ್ ಪದ್ಧತಿಯಿಂದಲೇ ಹೊರಟ ದೇಶ. ತಾರ್ತು ವಿಶ್ವವಿದ್ಯಾಲಯ 1991ರಲ್ಲೇ ಹಳೆಯ ವೈದ್ಯರ ಮರುತರಬೇತಿ ಶುರುಮಾಡಿತು, 1993ರಲ್ಲಿ ಕುಟುಂಬ ವೈದ್ಯಕೀಯವನ್ನು ಪ್ರತ್ಯೇಕ ತಜ್ಞತೆಯೆಂದು ಮಾನ್ಯಮಾಡಿ ಹೊಸಬರಿಗೆ ಮೂರು ವರ್ಷಗಳ ರೆಸಿಡೆನ್ಸಿ (ಪದವಿಯ ನಂತರದ ತಜ್ಞ ತರಬೇತಿ) ಇಡಲಾಯಿತು. ಹಳಬರೂ ಕೆಲಸ ಮಾಡುತ್ತಲೇ ವರ್ಷಗಟ್ಟಲೆ ಕಲಿತರು. ಮುಂದೆ ಅವರು ಸಂಬಳದ ನೌಕರರಾಗಿ ಉಳಿಯದೆ, ತಮ್ಮದೇ ಪಟ್ಟಿಯ ಜನರಿಗೆ ಹೊಣೆಯಾಗಿ ವಿಮಾ ನಿಧಿಯೊಡನೆ ಸ್ವತಃ ಒಪ್ಪಂದ ಮಾಡಿಕೊಳ್ಳುವ ಸ್ವತಂತ್ರ ವೈದ್ಯರಾದರು. ಘನತೆ ಬಂದದ್ದು ಆ ಸ್ವಾತಂತ್ರ್ಯದಿಂದಲೂ ಹೌದು. ಆದರೂ ಅಲ್ಲಿಯೂ ರಾಜಧಾನಿ ತಾಲಿನ್ ತನ್ನ ಪಾಲಿಕ್ಲಿನಿಕ್‌ಗಳನ್ನು ಬಿಟ್ಟುಕೊಡಲು ಹಿಂದೇಟು ಹಾಕಿ, ಉಳಿದ ಕಡೆಗಳಿಗಿಂತ ತಡವಾಗಿಯೇ ಬದಲಾಯಿತು.

ಕಿರ್ಗಿಸ್ತಾನಕ್ಕೆ ಹಾಗೆ ಕಾಯುವ ಅನುಕೂಲವಿರಲಿಲ್ಲ. ಎಲ್ಲರನ್ನೂ ಮೂರು ವರ್ಷ ಓದಲು ಕೂರಿಸಿದ್ದರೆ ಹೊರರೋಗಿ ವಿಭಾಗಗಳು ಖಾಲಿಯಾಗುತ್ತಿದ್ದವು. ಆದ್ದರಿಂದ ಮೊದಲ ತಲೆಮಾರಿಗೆ ಅಲ್ಪಾವಧಿಯ ತರಬೇತಿ ಕೊಟ್ಟದ್ದನ್ನು ನಾನು ತಪ್ಪೆನ್ನುವುದಿಲ್ಲ; ಗುಂಪಿನಲ್ಲಿ ಮಕ್ಕಳ ವೈದ್ಯೆಯೂ ಪ್ರಸೂತಿ ವೈದ್ಯೆಯೂ ಪಕ್ಕಪಕ್ಕದಲ್ಲೇ ಇದ್ದದ್ದರಿಂದ, ತೋಚದಿದ್ದಾಗ ಎದ್ದುಹೋಗಿ ಕೇಳುವ ಅವಕಾಶವಾದರೂ ಇತ್ತು. ತೊಂದರೆಯಾದದ್ದು ಎರಡನೆಯ ತಲೆಮಾರಿನಲ್ಲಿ. ರೆಸಿಡೆನ್ಸಿ ತೆರೆದರೂ ಶಸ್ತ್ರಚಿಕಿತ್ಸೆ, ಸ್ತ್ರೀರೋಗ ಬಿಟ್ಟು ಇದಕ್ಕೆ ಬರಲು ವಿದ್ಯಾರ್ಥಿಗಳಿಗೆ ಕಾರಣವೇ ಕಾಣಲಿಲ್ಲ, ಏಕೆಂದರೆ ಹಣವೂ ಗೌರವವೂ ಅತ್ತ ಕಡೆಯೇ ಇದ್ದವು. ಸೆಮಿನಾರಿನಲ್ಲಿ ಎಷ್ಟು ಜನರಿಗೆ ಮರುತರಬೇತಿ ಆಯಿತು ಎಂಬ ಅಂಕಿಗಿಂತ, ಅವರು ನಿವೃತ್ತರಾದಾಗ ಆ ಕುರ್ಚಿಗೆ ಯಾರು ಬಂದರು ಎಂಬುದನ್ನು ಪ್ರಾಂತವಾರು ಹುಡುಕಿ ಇಟ್ಟರೆ ಚರ್ಚೆಗೆ ಹೆಚ್ಚು ಸಾಮಗ್ರಿ ಸಿಗುತ್ತದೆ.