ಆರ್‌ಸಿಸಿಬಿ ಟೆಸ್ಟ್ ಬಟನ್‌ಗೆ ಬೀಳುತ್ತೆ, ಬೇಕಾದಾಗ ಬೀಳಲ್ಲ!

ತೋಟದಮನೆ: ಮೂರು ದಿನದಿಂದ ತಲೆ ಕೆಟ್ಟಿದೆ. ಸೋಲಾರ್ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ತಾನೇ ಬಿದ್ದು ಲೈನ್ ಕತ್ತರಿಸುವ ಸ್ವಿಚ್) ಹಾಕಿಸಿದ್ದೇನೆ. ಟೆಸ್ಟ್ ಬಟನ್ ಒತ್ತಿದರೆ ಟಪ್ ಅಂತ ಬೀಳುತ್ತದೆ. ಫೇಸಿಗೂ ಅರ್ಥಿಗೂ 60 ವ್ಯಾಟ್ ಬಲ್ಬ್ ಕೊಟ್ಟರೆ ಬೀಳುವುದಿಲ್ಲ, ಬಲ್ಬೂ ಉರಿಯುವುದಿಲ್ಲ. ಇದು ಎರಡನೇ ಪೀಸು. ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂತಾರೆ.

ಇದ್ದಿಲುಉಪ್ಪು: ಅರ್ಥಿಂಗ್ ಒಣಗಿದೆ. ಗುಂಡಿಗೆ ನಾಲ್ಕು ಕೊಡ ನೀರು ಹುಯ್ಯಿರಿ.

ತೋಟದಮನೆ: ಸಕಲೇಶಪುರದ ಮಳೆಗೆ ಗುಂಡಿ ತಾನೇ ತುಂಬಿ ಹರೀತಿದೆ ಸ್ವಾಮಿ.

ಇದ್ದಿಲುಉಪ್ಪು: ಹಾಗಾದರೆ ಅರ್ಥಿಂಗ್ ಗುಂಡಿಗೆ ಹಾಕಿದ ಉಪ್ಪು ಕರಗಿದೆ. ಮತ್ತೆ ಹಾಕಿಸಿ.

ಜಿಐಪೈಪ್: ಉಪ್ಪು ಸುರಿದು ಸುರಿದು ಅರ್ಥಿಂಗ್ ಪೈಪನ್ನೇ ತುಕ್ಕಿಗೆ ಕೊಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ಇದ್ದಿಲುಉಪ್ಪು: ನಮ್ಮ ಮನೇದು ಇಪ್ಪತ್ತು ವರ್ಷದಿಂದ ಹಾಗೇ ಇದೆ.

ಜಿಐಪೈಪ್: ಅಗೆದು ನೋಡಿದ್ದೀರಾ?

ಲಿಥಿಯಂ48: ನಾನು ಸೋಲಾರಿನ ಟ್ಯೂಬುಲರ್ ಬ್ಯಾಟರಿ ಕಿತ್ತು ಲಿಥಿಯಂ ಹಾಕಿದೆ. 48 ವೋಲ್ಟ್, 100 ಎಎಚ್. ಫ್ರಿಜ್, ಮಿಕ್ಸಿ, ಅರ್ಧ ಎಚ್‌ಪಿ ಪಂಪ್ ಎಲ್ಲ ಸಲೀಸು. ಡಿಸ್ಟಿಲ್ಡ್ ವಾಟರ್ ಗೋಜೇ ಇಲ್ಲ.

ಸುಮ್ನೆಮೀಟರ್: ತೋಟದಮನೆ ಅವರೇ, ಕೆಇಬಿ ಲೈನ್ ಇದೆಯಾ? ಅರ್ಥಿಗೆ ಫೇಸ್ ಎಷ್ಟು, ನ್ಯೂಟ್ರಲ್ ಎಷ್ಟು ವೋಲ್ಟ್ ತೋರಿಸುತ್ತೆ?

ತೋಟದಮನೆ: ಕಂಬವೇ 2 ಕಿ.ಮೀ. ಆಚೆ. ಅದಕ್ಕೇ ಅಲ್ವಾ ಸೋಲಾರ್! ಮೀಟರಲ್ಲಿ ಫೇಸ್ 112, ನ್ಯೂಟ್ರಲ್ 117. ಪ್ಲಗ್ಗಿನ ಎರಡೂ ತೂತಲ್ಲಿ ಟೆಸ್ಟರ್ ಉರಿಯುತ್ತೆ.

ಸುಮ್ನೆಮೀಟರ್: ಇದನ್ನು ಮೊದಲೇ ಹೇಳಬಾರದಿತ್ತಾ! ಕೆಇಬಿ ಕರೆಂಟಿನಲ್ಲಿ ಟ್ರಾನ್ಸ್‌ಫಾರ್ಮರ್ ಹತ್ತಿರವೇ ನ್ಯೂಟ್ರಲ್ಲನ್ನು ಅರ್ಥ್ ಮಾಡಿರುತ್ತಾರೆ. ನಿಮ್ಮಲ್ಲಿ ಇನ್ವರ್ಟರೇ ಟ್ರಾನ್ಸ್‌ಫಾರ್ಮರ್ ಇದ್ದ ಹಾಗೆ, ಆದರೆ ಅದರ ಎರಡೂ ತಂತಿ ತೇಲುತ್ತಿವೆ, ಅಂದರೆ ಯಾವುದೂ ಅರ್ಥಿಗೆ ಸೇರಿಲ್ಲ. ಭೂಮಿಗೆ ಹೋದ ಕರೆಂಟಿಗೆ ವಾಪಸ್ ಬರಲು ದಾರಿಯಿಲ್ಲ. ಬೀಳುವಷ್ಟು ಲೀಕೇಜ್ ಹರಿಯಲ್ಲ. ಟೆಸ್ಟ್ ಬಟನ್‌ಗೆ ಅರ್ಥ್ ಬೇಕಿಲ್ಲ, ಒಳಗಿನ ರೆಸಿಸ್ಟರ್ ಮೂಲಕ ಫೇಸಿಂದ ನ್ಯೂಟ್ರಲ್ಲಿಗೇ ಕರೆಂಟ್ ಹರಿಸುತ್ತೆ. ಪಾಪ, ಆರ್‌ಸಿಸಿಬಿ ಸರಿಯಾಗೇ ಇದೆ.

ಇನ್ವರ್ಟರ್ ಔಟ್‌ಪುಟ್ಟಲ್ಲಿ, ಆರ್‌ಸಿಸಿಬಿಗಿಂತ ಮುಂಚೆ, ಒಂದೇ ಕಡೆ ನ್ಯೂಟ್ರಲ್ಲನ್ನು ಅರ್ಥಿಗೆ ಸೇರಿಸಬೇಕು. ಆರ್‌ಸಿಸಿಬಿ ದಾಟಿದ ಮೇಲೆ ಸೇರಿಸಿದರೆ ಲೀಕ್ ಆದ ಕರೆಂಟೂ ಆರ್‌ಸಿಸಿಬಿ ಮೂಲಕವೇ ವಾಪಸ್ ಬರುತ್ತೆ, ಆಗಲೂ ಬೀಳಲ್ಲ. ಆದರೆ ತಡೀರಿ. ಕೆಲವು ಇನ್ವರ್ಟರ್‌ಗಳಲ್ಲಿ ಹೀಗೆ ಸೇರಿಸಿದರೆ ಅದೇ ಸುಟ್ಟು ಹೋಗುತ್ತೆ. ಮ್ಯಾನ್ಯುಯಲ್ ನೋಡದೆ ಕೈ ಹಾಕಬೇಡಿ. ಐಎಸ್ 3043 (ಅರ್ಥಿಂಗ್ ಬಗೆಗಿನ ಭಾರತೀಯ ಮಾನದಂಡ) ಓದಿದ ಲೈಸೆನ್ಸ್ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಬಲ್ಬ್ ಪ್ರಯೋಗ ಇಲ್ಲಿಗೆ ನಿಲ್ಲಿಸಿ.

ಲಿಥಿಯಂ48: ನಂದೂ ತೇಲ್ತಿದೆಯಾ?

ಸುಮ್ನೆಮೀಟರ್: ಅಳೆದು ನೋಡಿ.

ತೋಟದಮನೆ: ಮ್ಯಾನ್ಯುಯಲ್ ಅರ್ಧ ಗೆದ್ದಲು ತಿಂದಿದೆ. ಮಾಡೆಲ್ ನಂಬರ್ ಇರೋ ಪುಟವೇ ಇಲ್ಲ. ಭಾನುವಾರ ಇನ್ವರ್ಟರ್ ಹಿಂಭಾಗದ ಫೋಟೋ ಹಾಕುತ್ತೇನೆ.

ಇದ್ದಿಲುಉಪ್ಪು: ಅದೇನೇ ಇರಲಿ, ಉಪ್ಪು ಮಾತ್ರ ಹಾಕಿಸಿ.