ಡೈಮಂಡ್ ವಿಲೋ ಊರುಗೋಲು: ಹಸಿ ಮರವೋ, ಒಣಗಿದ್ದೋ?

ಎಡ್ಮಂಟನ್‌ನವಳು: ಅಪ್ಪ ಬೇಸಿಗೆಗೆ ಇಲ್ಲಿಗೆ, ಕೆನಡಾಕ್ಕೆ ಬರುತ್ತಿದ್ದಾರೆ. ಅವರಿಗೆ ಡೈಮಂಡ್ ವಿಲೋದಲ್ಲಿ, ಅಂದರೆ ಮೈಮೇಲೆ ವಜ್ರದಾಕಾರದ ಗುಳಿಗಳಿರುವ ವಿಲೋ ಮರದಲ್ಲಿ, ಊರುಗೋಲು ಕೆತ್ತುವ ಆಸೆ. ಹಸಿ ಮರ ತರಲೋ, ಒಣಗಿದ್ದು ಕೊಳ್ಳಲೋ? ಮಾಡಿದವರು ಹೇಳಿ.

ಕ್ಯಾಲ್ಗರಿ ಮಾವ: ಹಸೀದೇ ತನ್ನಿ. ವಸಂತದಲ್ಲಿ ಸಿಪ್ಪೆ ಬಾಳೆಹಣ್ಣಿನ ಹಾಗೆ ಕಳಚುತ್ತದೆ. ಒಣಗಿಸುವುದೇ ತಲೆನೋವು. ಎರಡೂ ತುದಿಗೆ ಮೇಣ ಹಚ್ಚಿಯೇ ಬೇಸ್‌ಮೆಂಟಿನಲ್ಲಿ ಇಟ್ಟಿದ್ದೆ, ಆದರೂ ಮನೆ ಬೆಚ್ಚಗಿಡುವ ಫರ್ನೇಸ್ ಬಿಸಿಗೆ ಹಿಡಿ ಹತ್ತಿರ ಶುರುವಾದ ಬಿರುಕು ಎಲ್ಲಕ್ಕಿಂತ ಚೆಂದದ ವಜ್ರವನ್ನೇ ಸೀಳಿಕೊಂಡು ಹೋಯಿತು. ಬಾಗಿದ ಚಾಕು 62 ಡಾಲರ್, ಮರಕ್ಕೆ ಹಚ್ಚುವ ಟಂಗ್ ಆಯಿಲ್ 34, ಬಿರುಕು ತುಂಬೋ ಎಪಾಕ್ಸಿ ಅಂಟು 27, ರಬ್ಬರ್ ಬುಡ 6. ಸ್ಯಾಂಡ್‌ಪೇಪರ್ ಬೇರೆ. ಆದರೂ ಆ ಕೋಲು ಯಾರಿಗೂ ಕೊಡಲ್ಲ.

ಯುಕಾನ್ ಕನ್ನಡತಿ: ಒಣಗೋವರೆಗೆ ಕಾಯೋಕೆ ಎಲ್ಲರಿಗೂ ಪುರಸೊತ್ತು ಇರುತ್ತಾ ಮಾವ? ನಾನು ನಿಂತಲ್ಲೇ ಒಣಗಿದ್ದನ್ನು ಕೊಂಡೆ. ಕೋಲು 75, ಸಾಗಣೆ 48! ಸಿಪ್ಪೆ ಕಲ್ಲಿನಂತಾಗಿ ಗುಳಿಯೊಳಗೆ ಅಂಟಿಕೊಂಡಿತ್ತು, ಚಾಕುವಿನ ತುದಿಯಿಂದ ಒಂದೊಂದೇ ಗುಳಿ ಕೆರೆದೆ. ಕೆಂಪು ತಿರುಳು ಕಂಡಾಗ ಖುಷಿಯಾಯ್ತು, ಆದರೆ ಬುಡದ ಹತ್ತಿರ ಮರ ಪುಡಿಪುಡಿ. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಬುಡ ಕತ್ತರಿಸಿ ತೆಗೆದು, ಉಳಿದದ್ದರಲ್ಲಿ ಟೇಬಲ್ ಲ್ಯಾಂಪ್ ಮಾಡಿದೆ. ವೈರು, ಹೋಲ್ಡರು ಸೇರಿ ಮತ್ತೆ 31.

ಸಾಗರದ ಹುಡುಗ: ಸಿಟ್ಟಾಗಬೇಡಿ, ಇದು ಕೆತ್ತನೆ ಹೇಗಾಗುತ್ತದೆ? ಚಿತ್ತಾರ ಮಾಡಿದ್ದು ಶಿಲೀಂಧ್ರ, ನೀವು ಸಿಪ್ಪೆ ತೆಗೆದಿರಿ. ನಮ್ಮೂರ ಗುಡಿಗಾರರು ಗಂಧದ ತುಂಡಿನಲ್ಲಿ ಬಳ್ಳಿ, ಆನೆ, ಅಂಬಾರಿ ಎಲ್ಲಾ ತಾವೇ ತೆಗೀತಾರೆ.

ಕ್ಯಾಲ್ಗರಿ ಮಾವ: ಗುಡಿಗಾರರಿಗೆ ಕೈ ಮುಗೀತೀನಿ. ನೀನು ಉಳಿ ಹಿಡಿದಿದ್ದೀಯಾ? ಕೊಂಬೆ ಹುಟ್ಟುವ ಜಾಗದಲ್ಲಿ ರೋಗ ಹಿಡಿದು, ಮರ ಅದನ್ನು ಬಿಟ್ಟು ಸುತ್ತ ಬೆಳೆದು ಗುಳಿಯಾಗುತ್ತದೆ. ಆ ಗುಳಿಯ ಬಿಳಿ ಅಂಚನ್ನು ಚೂಪಾಗಿಡಬೇಕಾದರೆ ಕೈ ಹದ ಬೇಕು. ಮಿಷಿನ್ ಸ್ಯಾಂಡರ್ ಹಿಡಿದರೆ ಅಂಚೆಲ್ಲಾ ಸವೆದು ಬೋಳಾಗುತ್ತದೆ.

ಯುಕಾನ್ ಕನ್ನಡತಿ: ನಾನು ಸ್ಯಾಂಡರ್ ಬಳಸಿದೆ, ಏನೂ ಬೋಳಾಗಿಲ್ಲ. ಸುಮ್ನೆ ಹೆದರಿಸಬೇಡಿ.

ಕ್ಯಾಲ್ಗರಿ ಮಾವ: ಹಾಗಾದರೆ ಫೋಟೊ ಹಾಕಮ್ಮ.

ಯುಕಾನ್ ಕನ್ನಡತಿ: ಯಾಕೆ, ಪರೀಕ್ಷೆ ಮಾಡ್ತೀರಾ? ನಿಮ್ಮ ಎಪಾಕ್ಸಿ ತುಂಬಿದ ವಜ್ರದ್ದು ಮೊದಲು ಹಾಕಿ.

ಸಾಗರದ ಹುಡುಗ: ಎಪಾಕ್ಸಿ ತುಂಬಿ ಮೇಲೆ ಟಂಗ್ ಆಯಿಲ್ ಹಚ್ಚಿದರೆ ಅಲ್ಲಿ ಕುಡಿಯಲ್ಲ, ಕಲೆ ಎದ್ದು ಕಾಣುತ್ತೆ ಅಲ್ವಾ?

ಕ್ಯಾಲ್ಗರಿ ಮಾವ: ಕಾಣುತ್ತೆ. ಏನೀಗ?